ಕಾಯಿಸಿದ ನೀರಿನ ಬಿಸಿ ಎಲ್ಲೆಲ್ಲಿ ಸೋರಿಹೋಗುತ್ತದೆ?

ಮನೆಯಲ್ಲಿ ವಿದ್ಯುತ್ ಉಳಿಸಬೇಕು ಎಂದಾಗ ಕೈ ಮೊದಲು ಹೋಗುವುದು ದೀಪದ ಸ್ವಿಚ್ಚಿಗೆ. ಒಳ್ಳೆಯ ಅಭ್ಯಾಸವೇ. ಆದರೆ ಒಂದು ಲೆಕ್ಕ ನೋಡಿ. 25 ಡಿಗ್ರಿಯಲ್ಲಿರುವ ಒಂದು ದೊಡ್ಡ ಬಕೆಟ್ ನೀರನ್ನು, ಅಂದರೆ 20 ಲೀಟರನ್ನು, 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 0.47 ಯೂನಿಟ್ ವಿದ್ಯುತ್ ಬೇಕು. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬು ಹಗಲೂ ರಾತ್ರಿ ಬಿಡದೆ ಎರಡು ದಿನಕ್ಕಿಂತ ಹೆಚ್ಚು ಹೊತ್ತು ಉರಿಯುತ್ತದೆ. ಒಂದು ಬಕೆಟ್ ಬಿಸಿನೀರನ್ನು ಸುಮ್ಮನೆ ಚೆಲ್ಲಿದರೆ ಎರಡು ದಿನ ದೀಪ ಆರಿಸಿ ಉಳಿಸಿದ್ದೆಲ್ಲ ಅದರ ಜೊತೆಗೇ ಹೋಯಿತು.

ಇದಕ್ಕೆ ಕಾರಣ ನೀರಿನ ಗುಣ. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು; ಅದೇ ತೂಕದ ಕಬ್ಬಿಣಕ್ಕೆ ಅದರ ಒಂಬತ್ತನೇ ಒಂದು ಭಾಗ ಸಾಕು. ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಇವೆರಡನ್ನೂ ಸೇರಿಸಿದರೆ ಬಾಯಿಲೆಕ್ಕಕ್ಕೆ ಒಗ್ಗುವ ಒಂದು ಸೂತ್ರ ಸಿಗುತ್ತದೆ: ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿ. ಬರುವ ಉತ್ತರವೇ ಯೂನಿಟ್. ಈ ಲೇಖನದಲ್ಲಿ ಮುಂದೆ ಬರುವ ನೀರಿನ ಲೆಕ್ಕಗಳೆಲ್ಲ ಇದೇ ಸೂತ್ರದವು. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೀವೂ ಮಾಡಿ ನೋಡಬಹುದು.

ವಿದ್ಯುತ್ ಗೀಸರಿನಲ್ಲಿ ಕಾಯಿಲ್ ಇಡಿಯಾಗಿ ನೀರಿನೊಳಗೇ ಮುಳುಗಿರುತ್ತದೆ. ಅದಕ್ಕೆ ಹೋದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿಗೆ ಸೇರುತ್ತದೆ. ಹಾಗಾದರೆ ನಷ್ಟ ಎಲ್ಲಿ? ಬಹುಪಾಲು ನಷ್ಟ ಆಗುವುದು ಕಾಯಿಸುವಾಗ ಅಲ್ಲ, ಕಾಯಿಸಿದ ಮೇಲೆ. ಬಿಸಿನೀರು ಟ್ಯಾಂಕಿನಲ್ಲಿ ನಿಂತಿರುವಾಗ, ಪೈಪಿನಲ್ಲಿ ಸಾಗುವಾಗ, ಯಾರೂ ಬಳಸದೆ ಪೈಪಿನೊಳಗೇ ಉಳಿದಾಗ. ಹೊಸ ಗೀಸರ್ ಕೊಳ್ಳುವಾಗ ಅದು ಎಷ್ಟು ಬೇಗ ಕಾಯಿಸುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಕಾದ ನೀರು ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ದೂರ ಹೋಗಬೇಕು ಎಂದು ಕೇಳುವವರು ಕಡಿಮೆ. ಹಣ ಉಳಿಯುವುದು ಈ ಎರಡನೇ ಪ್ರಶ್ನೆಯಲ್ಲಿ.

ಟ್ಯಾಂಕಿನಲ್ಲಿ ನಿಂತ ನೀರು

ಬಿಸಿಯಾದ ವಸ್ತು ತನ್ನ ಸುತ್ತಲಿಗೆ ಶಾಖ ಬಿಟ್ಟುಕೊಡುವ ವೇಗ ಎರಡರ ಉಷ್ಣತೆಯ ಅಂತರಕ್ಕೆ ತಕ್ಕಂತಿರುತ್ತದೆ ಎಂಬುದನ್ನು ಐಸಾಕ್ ನ್ಯೂಟನ್ 1701ರಲ್ಲೇ ಪ್ರಕಟಿಸಿದ್ದ. ಅಂತರ ಹೆಚ್ಚಿದ್ದರೆ ಸೋರಿಕೆ ಹೆಚ್ಚು, ಅಂತರ ಕುಗ್ಗಿದಂತೆ ಸೋರಿಕೆಯೂ ನಿಧಾನ. ಮನೆಯ ಬಿಸಿನೀರಿಗೆ ಸಂಬಂಧಿಸಿದ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಈ ಒಂದು ಮಾತಿನಲ್ಲಿ ಉತ್ತರವಿದೆ.

25 ಲೀಟರ್ ಗೀಸರನ್ನು ತೆಗೆದುಕೊಳ್ಳಿ. ಅದರ ಹೊರಮೈ ಸುಮಾರು ಅರ್ಧ ಚದರ ಮೀಟರ್. ಒಳಟ್ಯಾಂಕಿಗೂ ಹೊರಕವಚಕ್ಕೂ ನಡುವೆ ಸಾಮಾನ್ಯವಾಗಿ ಪಫ್ ಎಂದು ಕರೆಯುವ ಪಾಲಿಯುರೆಥೇನ್ ನೊರೆ ತುಂಬಿರುತ್ತಾರೆ. ಅದು ಎರಡೂವರೆ ಸೆಂಟಿಮೀಟರ್ ದಪ್ಪವಿದ್ದು, ಒಳಗೆ ನೀರು 60 ಡಿಗ್ರಿ, ಹೊರಗೆ ಕೋಣೆ 25 ಡಿಗ್ರಿ ಇದ್ದರೆ, ಹೊರಮೈಯಿಂದ ಸದಾ ಸುಮಾರು 17 ವ್ಯಾಟ್ ಸೋರುತ್ತಿರುತ್ತದೆ. ದಿನಕ್ಕೆ 0.4 ಯೂನಿಟ್ ದಾಟುತ್ತದೆ. ಇದರ ಮೇಲೆ ಟ್ಯಾಂಕಿಗೆ ಜೋಡಿಸಿದ ಪೈಪು, ನಟ್ಟು, ಗೋಡೆಗೆ ಹಿಡಿದ ಕ್ಲಾಂಪು ಇವುಗಳ ಮೂಲಕ ಹೋಗುವುದು ಬೇರೆ. ಲೋಹ ಶಾಖವನ್ನು ತಡೆಯುವುದೇ ಇಲ್ಲ: ಉಕ್ಕು ಪಫ್‌ಗಿಂತ ಸಾವಿರಾರು ಪಟ್ಟು, ತಾಮ್ರ ಹದಿನೈದು ಸಾವಿರ ಪಟ್ಟು ಸಲೀಸಾಗಿ ಶಾಖವನ್ನು ದಾಟಿಸುತ್ತವೆ. ಹಾಗಾಗಿ ಬೆರಳೆಣಿಕೆಯ ನಟ್ಟುಗಳೂ ಲೆಕ್ಕಕ್ಕೆ ಬರುತ್ತವೆ.

ಗೀಸರನ್ನು ಸದಾ ಹಾಕಿಟ್ಟಿರುವುದು ಒಳ್ಳೆಯದೋ, ಬೇಕಾದಾಗ ಮಾತ್ರ ಹಾಕುವುದೋ ಎಂಬ ಜಗಳ ಅನೇಕ ಮನೆಗಳಲ್ಲಿ ಇದೆ. ‘ತಣ್ಣಗಾದ ನೀರನ್ನು ಮತ್ತೆ ಮೊದಲಿನಿಂದ ಕಾಯಿಸಲು ಹೆಚ್ಚು ಖರ್ಚು, ಥರ್ಮೋಸ್ಟಾಟ್ ಆಗಾಗ ಸ್ವಲ್ಪ ಸ್ವಲ್ಪ ಕಾಯಿಸುತ್ತಿದ್ದರೆ ಕಡಿಮೆ’ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಅದು ತಪ್ಪು. ತಳದಲ್ಲಿ ತೂತಿರುವ ಕೊಡವನ್ನು ಯೋಚಿಸಿ. ಕೊಡ ತುಂಬಿದ್ದಷ್ಟೂ ತೂತಿನಿಂದ ನೀರು ರಭಸವಾಗಿ ಹೋಗುತ್ತದೆ. ಮಟ್ಟ ಇಳಿದಂತೆ ಸಣ್ಣಗಾಗುತ್ತದೆ. ಹಗಲಿಡೀ ಸುರಿದು ಸುರಿದು ಕೊಡವನ್ನು ಕಂಠಮಟ್ಟ ಇಟ್ಟವರು, ಬೇಕಾದಾಗ ಒಮ್ಮೆ ತುಂಬಿಸಿಕೊಂಡವರಿಗಿಂತ ಹೆಚ್ಚು ನೀರು ಕಳೆದುಕೊಳ್ಳಲೇಬೇಕು. ಗೀಸರಿನಲ್ಲೂ ಅಷ್ಟೇ. ಸ್ವಿಚ್ ಆರಿಸಿದ ಹೊತ್ತಿನಲ್ಲಿ ನೀರು ತಣ್ಣಗಾಗುತ್ತ ಹೋಗುತ್ತದೆ, ತಣ್ಣಗಾದಷ್ಟೂ ಸೋರಿಕೆ ಇಳಿಯುತ್ತದೆ, ಒಟ್ಟು ನಷ್ಟ ಕಡಿಮೆಯಾಗುತ್ತದೆ. ಆರಿಸಿದ್ದರಿಂದ ನಷ್ಟ ಹೆಚ್ಚಾಗುವ ಸಂದರ್ಭವೇ ಇಲ್ಲ. ಎಷ್ಟು ಉಳಿಯುತ್ತದೆ ಎಂಬುದು ಮಾತ್ರ ಟ್ಯಾಂಕಿನ ಹೊದಿಕೆ ಎಷ್ಟು ಒಳ್ಳೆಯದಿದೆ, ಎಷ್ಟು ಹೊತ್ತು ಆರಿಸಿದ್ದಿರಿ ಎಂಬುದರ ಮೇಲೆ ನಿಂತಿದೆ. ಅರ್ಧ ಗಂಟೆ ಆರಿಸಿದರೆ ಗಣನೆಗೆ ಬಾರದಷ್ಟು, ದಿನವಿಡೀ ಆರಿಸಿದರೆ ಚೆನ್ನಾಗಿ ಕಾಣುವಷ್ಟು.

25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಲು ಒಂದು ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರಿಗೆ ಅದು ಅರ್ಧ ಗಂಟೆಯ ಕೆಲಸ. ಆದ್ದರಿಂದ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಸ್ನಾನ ಮುಗಿದ ಕೂಡಲೇ ಆರಿಸಿದರೆ ಸಾಕು. ಮರೆಯುವವರಿಗೆ ಟೈಮರ್ ಇದೆ. ಅದು ಗೀಸರ್ ಎಳೆಯುವ ಕರೆಂಟನ್ನು ತಾಳುವಂಥದ್ದಿರಬೇಕು. 2 ಕಿಲೋವ್ಯಾಟ್ ಅಥವಾ 3 ಕಿಲೋವ್ಯಾಟ್ ಹೊರೆಯನ್ನು ಸಣ್ಣ ದೀಪದ ಟೈಮರಿಗೆ ಕಟ್ಟಿದರೆ ಅದು ಸುಟ್ಟುಹೋಗುತ್ತದೆ.

ನಿಮ್ಮ ಟ್ಯಾಂಕಿನ ಹೊದಿಕೆ ಹೇಗಿದೆ ಎಂದು ತಿಳಿಯಲು ಯಾರನ್ನೂ ಕರೆಸಬೇಕಿಲ್ಲ. ರಾತ್ರಿ ನೀರು ಪೂರ್ತಿ ಕಾದ ಮೇಲೆ ಸ್ವಿಚ್ ಆರಿಸಿ. ನಲ್ಲಿಯಿಂದ ಒಂದು ಲೋಟ ಹಿಡಿದು ಉಷ್ಣತೆ ಅಳೆಯಿರಿ. ಪೈಪಿನಲ್ಲಿದ್ದ ತಣ್ಣೀರು ಹೋಗುವವರೆಗೆ ಬಿಟ್ಟು ಆಮೇಲೆ ಹಿಡಿಯಬೇಕು. ರಾತ್ರಿಯಿಡೀ ನೀರು ಬಳಸದೆ, ಹತ್ತು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಮೇಲೆ ಹೇಳಿದಂಥ ಗೀಸರಿನಲ್ಲಿ 60 ಡಿಗ್ರಿಯ ನೀರು ಐದಾರು ಡಿಗ್ರಿ ಇಳಿದಿರಬೇಕು. ಪೈಪುಗಳ ನಷ್ಟ ಸೇರಿ ಎಂಟೊಂಬತ್ತು ಆದರೂ ಒಪ್ಪಬಹುದು. ಹದಿನೈದು, ಇಪ್ಪತ್ತು ಇಳಿದಿದ್ದರೆ ಎಲ್ಲೋ ದೋಷವಿದೆ: ನೊರೆ ಕೆಟ್ಟಿದೆ, ಇಲ್ಲವೇ ಟ್ಯಾಂಕು ಸಣ್ಣಗೆ ಜಿನುಗಿ ಹೊದಿಕೆ ಒದ್ದೆಯಾಗಿದೆ, ಇಲ್ಲವೇ ಬಿಸಿನೀರು ಪೈಪುಗಳಲ್ಲಿ ತನ್ನಷ್ಟಕ್ಕೆ ಸುತ್ತುತ್ತಿದೆ.

ಒದ್ದೆ ಹೊದಿಕೆಯ ಮಾತು ಮುಖ್ಯ. ಪಫ್ ಆಗಲಿ, ಗಾಜಿನ ಉಣ್ಣೆಯಾಗಲಿ, ಶಾಖ ತಡೆಯುವುದು ಅದರೊಳಗೆ ಸೆರೆಸಿಕ್ಕ ಅನಿಲ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ. ಹೊದಿಕೆಯೊಳಗೆ ನೀರು ಇಳಿಯಿತೆಂದರೆ ಅದು ಹೊದಿಕೆಯಾಗಿ ಉಳಿಯುವುದಿಲ್ಲ.

ಬಿಸಿನೀರು ತನ್ನಷ್ಟಕ್ಕೆ ಸುತ್ತುವುದು ಹೇಗೆ? ಬಿಸಿನೀರು ಹಗುರ, ತಣ್ಣೀರು ಭಾರ. ಟ್ಯಾಂಕಿನ ಮೇಲಿಂದ ಪೈಪು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ, ಒಂದೇ ಪೈಪಿನ ಒಳಗೇ ನಡುವಿನಲ್ಲಿ ಬಿಸಿನೀರು ಏರಿ, ಅಂಚಿನಲ್ಲಿ ತಣ್ಣಗಾದ ನೀರು ಇಳಿಯುತ್ತ ನಿಲ್ಲದೆ ಸುತ್ತುತ್ತದೆ. ಪೈಪನ್ನು ಟ್ಯಾಂಕಿನಿಂದ ಹೊರಟ ಕೂಡಲೇ ಕೆಳಕ್ಕೆ ಬಾಗಿಸಿ, ಆಮೇಲೆ ಬೇಕಾದ ಕಡೆಗೆ ಒಯ್ದರೆ ಈ ಸುತ್ತು ನಿಲ್ಲುತ್ತದೆ. ಕೆಳಬಾಗಿನ ದಾರಿಯಲ್ಲಿ ಹಗುರವಾದ ನೀರು ತಾನಾಗಿ ಇಳಿಯಲಾರದು. ಪ್ಲಂಬರ್ ಕೆಲಸ ಮಾಡುವ ದಿನ ಇದನ್ನು ಹೇಳಿ ಮಾಡಿಸಿಕೊಳ್ಳಬೇಕು.

ಇನ್ನೊಂದು ಸಣ್ಣ ಸೋರಿಕೆ ಗೀಸರಿನ ಸುರಕ್ಷತಾ ವಾಲ್ವಿನದು. ನೀರು 25ರಿಂದ 60 ಡಿಗ್ರಿಗೆ ಏರುವಾಗ ಶೇಕಡಾ 1.4ರಷ್ಟು ಹಿಗ್ಗುತ್ತದೆ, 25 ಲೀಟರಿನಲ್ಲಿ ಅದು ಮೂರನೇ ಒಂದು ಲೀಟರ್. ಕಾಯುವಾಗ ವಾಲ್ವಿನಿಂದ ಸ್ವಲ್ಪ ನೀರು ತೊಟ್ಟಿಕ್ಕುವುದು ಆ ಕಾರಣಕ್ಕೆ, ಅದನ್ನು ಎಂದೂ ಮುಚ್ಚಬಾರದು. ಆದರೆ ಕಾದು ಮುಗಿದ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕುತ್ತಿದ್ದರೆ ವಾಲ್ವು ಸವೆದಿದೆ ಅಥವಾ ನೀರಿನ ಒತ್ತಡ ಮಿತಿಮೀರಿದೆ ಎಂದರ್ಥ. ಕೆಳಗೊಂದು ಪಾತ್ರೆ ಇಟ್ಟು ದಿನಕ್ಕೆ ಎಷ್ಟು ಬೀಳುತ್ತದೆ ನೋಡಿ. ಬೀಳುತ್ತಿರುವುದು ನೀರಷ್ಟೇ ಅಲ್ಲ.

ಎಷ್ಟು ಡಿಗ್ರಿಗೆ ಇಡಬೇಕು?

ಥರ್ಮೋಸ್ಟಾಟನ್ನು 60ರಿಂದ 50ಕ್ಕೆ ಇಳಿಸಿದರೆ ಉಳಿತಾಯ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಯಾವ ಉಳಿತಾಯ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಮೈಗೆ ಹಾಕಿಕೊಳ್ಳುವ ನೀರು ಹೇಗೂ 40 ಡಿಗ್ರಿಯ ಆಸುಪಾಸಿನದು. ಟ್ಯಾಂಕಿನಲ್ಲಿ 60 ಇದ್ದರೆ ತಣ್ಣೀರು ಹೆಚ್ಚು ಬೆರೆಸುತ್ತೀರಿ, 50 ಇದ್ದರೆ ಕಡಿಮೆ ಬೆರೆಸುತ್ತೀರಿ. ಸ್ನಾನಕ್ಕೆ ಹೋಗುವ ಶಾಖ ಎರಡರಲ್ಲೂ ಒಂದೇ. ಕಡಿಮೆಯಾಗುವುದು ಟ್ಯಾಂಕು ಮತ್ತು ಪೈಪಿನ ಸೋರಿಕೆ ಮಾತ್ರ. ಕೋಣೆ 25 ಡಿಗ್ರಿ ಇದ್ದಾಗ ಅಂತರ 35ರಿಂದ 25ಕ್ಕೆ ಇಳಿಯುವುದರಿಂದ ಆ ಸೋರಿಕೆ ಸುಮಾರು ಶೇಕಡಾ 29 ತಗ್ಗುತ್ತದೆ.

ಆದರೆ ಇಳಿಸುವ ಮುಂಚೆ ಆರೋಗ್ಯದ ವಿಷಯವೊಂದನ್ನು ತಿಳಿದಿರಬೇಕು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಹಲವರು ಗುರುತೇ ಸಿಗದ ನ್ಯುಮೋನಿಯಾದಿಂದ ಸತ್ತರು. ಮುಂದಿನ ವರ್ಷ ಪತ್ತೆಯಾದ ಆ ಬ್ಯಾಕ್ಟೀರಿಯಾಕ್ಕೆ ಲೀಜನೆಲ್ಲಾ ಎಂದು ಹೆಸರಾಯಿತು. ನಿಂತ ನೀರು ಉಗುರುಬೆಚ್ಚಗಿದ್ದರೆ, ಸುಮಾರು 20ರಿಂದ 45 ಡಿಗ್ರಿಯವರೆಗೆ, ಅದು ಬೆಳೆಯುತ್ತದೆ. ಷವರಿನ ತುಂತುರಿನ ಜೊತೆ ಶ್ವಾಸಕೋಶ ಸೇರುತ್ತದೆ. 60 ಡಿಗ್ರಿಯಲ್ಲಿ ಬದುಕುವುದಿಲ್ಲ. ಆದ್ದರಿಂದಲೇ ಬಿಸಿನೀರು ಸಂಗ್ರಹಿಸುವ ಟ್ಯಾಂಕಿಗೆ 60 ಡಿಗ್ರಿ ಎಂಬ ಅಂಕಿ ಬಂದದ್ದು. ದೊಡ್ಡ ಟ್ಯಾಂಕಿನಲ್ಲಿ ನೀರು ದಿನಗಟ್ಟಲೆ ನಿಲ್ಲುವ ಮನೆ, ವಯಸ್ಸಾದವರು ಅಥವಾ ಶ್ವಾಸಕೋಶದ ತೊಂದರೆ ಇರುವವರಿರುವ ಮನೆ, ಇಲ್ಲೆಲ್ಲ ಕೆಲವು ಪೈಸೆಗಳ ಆಸೆಗೆ 60ರಿಂದ ಕೆಳಗಿಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪುಟ್ಟ ಗೀಸರನ್ನು ಆರಿಸಿಟ್ಟು ಬಳಸುವವರು ಪ್ರತಿ ಸಲ ಪೂರ್ತಿ ಕಾಯಿಸಿ ಬಳಸಬೇಕು; ಅರೆಬೆಚ್ಚಗೆ ಮಾಡಿ ಬಿಡಬಾರದು. ಮನೆಯವರೆಲ್ಲ ಕೆಲವು ದಿನ ಇಲ್ಲದೆ ಹಿಂದಿರುಗಿದಾಗಲೂ ಮೊದಲು ಪೂರ್ತಿ ಕಾಯಿಸಿ, ಸ್ವಲ್ಪ ನೀರು ಹರಿಯಬಿಟ್ಟೇ ಬಳಸಬೇಕು.

60 ಡಿಗ್ರಿಯ ನೀರಿಗೆ ಇನ್ನೊಂದು ಅಪಾಯವಿದೆ. ದೊಡ್ಡವರ ಚರ್ಮವೂ ಐದು ಸೆಕೆಂಡಿನ ಒಳಗೆ ಗಂಭೀರವಾಗಿ ಸುಡುತ್ತದೆ, ಮಕ್ಕಳದು ಇನ್ನೂ ಬೇಗ. ಟ್ಯಾಂಕಿನಲ್ಲಿ 60 ಇಟ್ಟು, ನಲ್ಲಿಗೆ ಬರುವ ಮುಂಚೆ ತಾನಾಗಿ ತಣ್ಣೀರು ಬೆರೆಸಿ ಹದ ಮಾಡುವ ಮಿಶ್ರಣ ವಾಲ್ವು ಹಾಕಿಸುವುದು ಎರಡೂ ಅಪಾಯಗಳಿಗೆ ಪರಿಹಾರ.

ಪೈಪಿನಲ್ಲಿ ಉಳಿದ ನೀರು

ನನಗೆ ಅತ್ಯಂತ ಬೇಸರ ತರುವ ನಷ್ಟ ಇದು. ಕಣ್ಣಿಗೆ ಬೀಳುವುದೇ ಇಲ್ಲ, ಮೀಟರಿನಲ್ಲಿ ಬೇರೆಯಾಗಿ ತೋರುವುದಿಲ್ಲ, ಮನೆ ಕಟ್ಟುವಾಗ ಒಂದು ಗೆರೆ ಬೇರೆ ಕಡೆ ಎಳೆದಿದ್ದರೆ ಇಲ್ಲವಾಗುತ್ತಿತ್ತು.

ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮೊದಲು ತಣ್ಣೀರು ಬರುತ್ತದೆ. ಅದು ಹೋದಮೇಲೆ ಬಿಸಿನೀರು. ನಲ್ಲಿ ನಿಲ್ಲಿಸಿದಾಗ ಗೀಸರಿನಿಂದ ನಲ್ಲಿಯವರೆಗಿನ ಪೈಪು ಬಿಸಿನೀರಿನಿಂದ ತುಂಬಿರುತ್ತದೆ. ಅದು ಅಲ್ಲೇ ಆರಿ, ಮುಂದಿನ ಸಲದ ‘ತಣ್ಣೀರು’ ಆಗುತ್ತದೆ. ಅಂದರೆ ನಾವು ಮೋರಿಗೆ ಬಿಡುವ ಆ ತಣ್ಣೀರು ಹಿಂದೊಮ್ಮೆ ದುಡ್ಡು ಕೊಟ್ಟು ಕಾಯಿಸಿದ ನೀರೇ. ನೀರೂ ಹೋಯಿತು, ಶಾಖವೂ ಹೋಯಿತು.

ಎಷ್ಟು? ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನ ಒಂದು ಮೀಟರಿನಲ್ಲಿ 0.31 ಲೀಟರ್ ನೀರು ಹಿಡಿಯುತ್ತದೆ. ಹತ್ತು ಮೀಟರಿಗೆ 3.1 ಲೀಟರ್. ಅದು 60ರಿಂದ 25ಕ್ಕೆ ಆರಿದರೆ ಹೋದದ್ದು ಸುಮಾರು 0.13 ಯೂನಿಟ್. ದಿನಕ್ಕೆ ಒಂದೆರಡು ಸಲವಾದರೆ ಪರವಾಗಿಲ್ಲ. ಅಡುಗೆಮನೆಯಲ್ಲಿ ಕೈ ತೊಳೆಯಲು, ಪಾತ್ರೆ ತೊಳೆಯಲು ಬಿಟ್ಟು ಬಿಟ್ಟು ಹತ್ತು ಸಲ ಬಿಸಿನೀರು ತಿರುಗಿಸಿದರೆ 1.3 ಯೂನಿಟ್. ದಿನವಿಡೀ ಆರಿಸದೆ ಬಿಟ್ಟ ಗೀಸರಿನ ಹೊರಮೈ ಸೋರಿಕೆಯ ಮೂರು ಪಟ್ಟು! ಗೀಸರಿನ ಸ್ವಿಚ್ಚಿನ ಮೇಲೆ ಜಗಳವಾಡುವ ಮನೆಯವರು ಪೈಪಿನ ಉದ್ದದ ಬಗ್ಗೆ ಒಮ್ಮೆಯೂ ಮಾತಾಡಿರುವುದಿಲ್ಲ.

ವ್ಯಾಸದ ಪರಿಣಾಮ ಊಹೆಗಿಂತ ದೊಡ್ಡದು. ಹಿಡಿಯುವ ನೀರು ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಮಿಲಿಮೀಟರಿನ ಪೈಪು ಮೀಟರಿಗೆ 0.18 ಲೀಟರ್ ಹಿಡಿದರೆ 25 ಮಿಲಿಮೀಟರಿನದು 0.49 ಲೀಟರ್. ‘ದಪ್ಪ ಪೈಪು ಹಾಕಿಬಿಡಿ, ಪ್ರೆಶರ್ ಚೆನ್ನಾಗಿರುತ್ತದೆ’ ಎಂದು ಬಿಸಿನೀರಿಗೂ ದಪ್ಪ ಪೈಪು ಎಳೆಸಿದರೆ, ಪ್ರತಿ ಸಲ ಎರಡೂವರೆ ಪಟ್ಟಿಗೂ ಹೆಚ್ಚು ನೀರು ಪೈಪಿನಲ್ಲೇ ಆರುತ್ತದೆ, ಬಿಸಿನೀರು ಬರಲು ಕಾಯುವ ಹೊತ್ತೂ ಅಷ್ಟೇ ಪಟ್ಟು ಬೆಳೆಯುತ್ತದೆ. ಒತ್ತಡ ಅನುಮತಿಸಿದಷ್ಟು ಸಣ್ಣ ಪೈಪೇ ಬಿಸಿನೀರಿಗೆ ಸರಿ.

ಇನ್ನು ಒಂದೇ ಹಿಡಿಯ ಮಿಕ್ಸರ್ ನಲ್ಲಿ. ಅದರ ಹಿಡಿ ನಡುವೆ ನಿಂತಿದ್ದರೆ ಪ್ರತಿ ಸಲ ಅರ್ಧ ನೀರು ಬಿಸಿನೀರಿನ ಪೈಪಿನಿಂದ ಬರುತ್ತದೆ. ಐದು ಸೆಕೆಂಡಿನಲ್ಲಿ ಕೈ ತೊಳೆದು ಮುಗಿಯುತ್ತದೆ. ಬಿಸಿ ಕೈಗೆ ತಾಗಿಯೇ ಇಲ್ಲ. ಆದರೆ ಅಷ್ಟು ಬಿಸಿನೀರು ಟ್ಯಾಂಕು ಬಿಟ್ಟು ಪೈಪಿಗೆ ಬಂದು ಕುಳಿತಿದೆ. ಹಿಡಿಯನ್ನು ಸದಾ ತಣ್ಣೀರಿನ ಕಡೆಗೆ ತಳ್ಳಿಡುವುದಕ್ಕೆ ಕಾಸಿನ ಖರ್ಚಿಲ್ಲ. ಈ ಲೇಖನದಲ್ಲಿ ಇಂದೇ ಮಾಡಬಹುದಾದ ಕೆಲಸ ಯಾವುದು ಎಂದರೆ ಇದನ್ನೇ ಹೇಳುತ್ತೇನೆ.

ಪೈಪಿಗೆ ಇನ್ಸುಲೇಷನ್ ಕೊಳವೆ ತೊಡಿಸಿದರೆ ಎಷ್ಟು ಪ್ರಯೋಜನ? ಬರಿಯ 15 ಮಿಲಿಮೀಟರ್ ತಾಮ್ರದ ಪೈಪಿನಲ್ಲಿ ನಿಂತ ಬಿಸಿನೀರು ಅರ್ಧ ಗಂಟೆಯೊಳಗೆ ಬಹುಪಾಲು ಆರಿಹೋಗುತ್ತದೆ. ಬೆರಳು ದಪ್ಪದ ಹೊದಿಕೆ ತೊಡಿಸಿದರೆ ಸೋರಿಕೆ ಮೂರನೇ ಒಂದಕ್ಕೋ ಕಾಲುಭಾಗಕ್ಕೋ ಇಳಿಯುತ್ತದೆ. ಗಂಟೆ ಕಳೆದರೂ ನೀರು ಬಳಸುವಷ್ಟು ಬೆಚ್ಚಗಿರುತ್ತದೆ. ಆದ್ದರಿಂದ ಮನೆಯವರೆಲ್ಲ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವ ಕಡೆ, ಅಡುಗೆಮನೆಯ ನಲ್ಲಿ ಆಗಾಗ ತಿರುಗುವ ಕಡೆ ಹೊದಿಕೆ ಒಳ್ಳೆಯ ಫಲ ಕೊಡುತ್ತದೆ. ದಿನಕ್ಕೊಮ್ಮೆ ಮಾತ್ರ ಬಳಸುವ ನಲ್ಲಿಗೆ ಅಷ್ಟೇನೂ ಉಪಯೋಗವಿಲ್ಲ. ಮುಂದಿನ ಬಳಕೆಯ ಹೊತ್ತಿಗೆ ನೀರು ಹೇಗೂ ಆರಿರುತ್ತದೆ. ಹೊದಿಕೆ ತಡಮಾಡಿಸಬಲ್ಲದು, ತಡೆಯಲಾರದು. ಎಲ್ಲ ಕಡೆಗೂ ತೊಡಿಸಲು ಆಗದಿದ್ದರೆ ಟ್ಯಾಂಕಿಗೆ ತಾಗಿದ ಮೊದಲ ಎರಡು ಮೀಟರಿಗೆ ತೊಡಿಸಿ. ಅಲ್ಲಿನ ಲೋಹ ಸದಾ ಬಿಸಿಯಾಗಿರುತ್ತದೆ. ತಣ್ಣೀರು ಒಳಬರುವ ಪೈಪಿನ ತುದಿಗೂ ತೊಡಿಸಬೇಕು, ಅದರಲ್ಲೂ ಶಾಖ ಹಿಮ್ಮುಖವಾಗಿ ಹರಿದು ಬರುತ್ತದೆ. ಗೀಸರಿಗೆ ಮೇಲಿಂದ ಹೊದಿಕೆ ಸುತ್ತುವುದಾದರೆ ಥರ್ಮೋಸ್ಟಾಟಿನ ಮುಚ್ಚಳ, ವೈರು, ಸುರಕ್ಷತಾ ವಾಲ್ವು ಇವನ್ನು ಬಿಟ್ಟು ಸುತ್ತಬೇಕು. ಗ್ಯಾಸ್ ಗೀಸರಿಗೆ ಏನನ್ನೂ ಸುತ್ತಲೇಬಾರದು.

ದೊಡ್ಡ ಮನೆಗಳಲ್ಲಿ ನಲ್ಲಿ ತಿರುಗಿಸಿದ ಕ್ಷಣವೇ ಬಿಸಿನೀರು ಬರಲೆಂದು ಪಂಪಿಟ್ಟು ಬಿಸಿನೀರನ್ನು ಪೈಪಿನಲ್ಲಿ ಸುತ್ತಿಸುತ್ತಿರುತ್ತಾರೆ. ನೀರು ಉಳಿಯುತ್ತದೆ ನಿಜ. ಆದರೆ ಒಳ್ಳೆಯ ಹೊದಿಕೆ ಇದ್ದರೂ ಮೀಟರಿಗೆ 8 ವ್ಯಾಟ್ ಸೋರುತ್ತದೆಂದು ಹಿಡಿಯಿರಿ. 20 ಮೀಟರಿನ ಸುತ್ತಿಗೆ 160 ವ್ಯಾಟ್, ದಿನಕ್ಕೆ 3.8 ಯೂನಿಟ್. ಪಂಪಿನ ಖರ್ಚು ಬೇರೆ. ಅಂಥ ಪಂಪಿಗೆ ಟೈಮರ್ ಹಾಕಬೇಕು, ಇಲ್ಲವೇ ಬೇಕಾದಾಗ ಒತ್ತಿದರೆ ಒಂದು ನಿಮಿಷ ಓಡಿ ನಿಲ್ಲುವ ಗುಂಡಿ ಇರಬೇಕು. ದೂರದಲ್ಲಿರುವ ಒಂದೇ ಒಂದು ಸಿಂಕಿಗಾದರೆ ಪಕ್ಕದಲ್ಲೇ ಮೂರು ಲೀಟರಿನ ಪುಟ್ಟ ಗೀಸರ್ ಇಡುವುದು ಎಲ್ಲಕ್ಕಿಂತ ಸರಳ.

ನಲ್ಲಿ, ಷವರ್, ಸುಣ್ಣದ ಪದರ

ಷವರಿನ ಹರಿವನ್ನು ಅಳೆಯಲು ಬಕೆಟ್ಟೂ ಗಡಿಯಾರವೂ ಸಾಕು. ಒಂದು ನಿಮಿಷಕ್ಕೆ 10 ಲೀಟರ್ ಬೀಳುತ್ತಿದ್ದರೆ, ಅದನ್ನು ಗಾಳಿ ಬೆರೆಸಿ ಚಿಮ್ಮಿಸುವ 6 ಲೀಟರಿನ ಷವರಿಗೆ ಬದಲಿಸಿ. ಎಂಟು ನಿಮಿಷದ ಸ್ನಾನಕ್ಕೆ 32 ಲೀಟರ್ ನೀರೂ, 25ರಿಂದ 40 ಡಿಗ್ರಿಯ ಲೆಕ್ಕದಲ್ಲಿ 0.56 ಯೂನಿಟ್ಟೂ ಉಳಿಯುತ್ತವೆ. ಒಬ್ಬರಿಗೆ, ಒಂದು ಸ್ನಾನಕ್ಕೆ. ಹೀಗೆ ಉಳಿಯುವುದಕ್ಕೆ ಹೋಲಿಸಿದರೆ ಥರ್ಮೋಸ್ಟಾಟಿನ ಡಿಗ್ರಿ ಇಳಿಸಿ ಉಳಿಯುವುದು ಬಹಳ ಕಡಿಮೆ.

ಗಟ್ಟಿ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾದಾಗ ಕಲ್ಲಿನಂಥ ಬಿಳಿ ಪದರವಾಗಿ ಕೂರುತ್ತದೆ. ಇದರಿಂದ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ವಿದ್ಯುತ್ ಗೀಸರಿನ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. ಪದರ ಕೂತರೂ ಕಾಯಿಲ್ ಇರುವುದು ನೀರಿನೊಳಗೇ, ಶಾಖ ಹೋಗಲು ಬೇರೆ ದಾರಿಯಿಲ್ಲ. ತೊಂದರೆ ಬೇರೆ: ಶಾಖ ಪದರವನ್ನು ದಾಟಲು ಕಾಯಿಲ್ ಮಿತಿಮೀರಿ ಕಾಯಬೇಕಾಗುತ್ತದೆ, ಬೇಗ ಸುಟ್ಟುಹೋಗುತ್ತದೆ, ತಳದಲ್ಲಿ ಕೂತ ಕೆಸರು ಟ್ಯಾಂಕಿನ ಜಾಗ ತಿನ್ನುತ್ತದೆ. ಗ್ಯಾಸ್ ಗೀಸರಿನಲ್ಲಾದರೆ ಪದರ ನೇರವಾಗಿ ಇಂಧನ ತಿನ್ನುತ್ತದೆ. ನೀರಿಗೆ ದಾಟಲಾಗದ ಶಾಖ ಹೊಗೆಯ ಜೊತೆ ಹೊರಗೆ ಹೋಗುತ್ತದೆ. 60 ಡಿಗ್ರಿಗಿಂತ ಹೆಚ್ಚು ಕಾಯಿಸಿದಷ್ಟೂ ಪದರ ಬೇಗ ಬೆಳೆಯುವುದರಿಂದ 70, 75ಕ್ಕೆ ಇಡುವುದರಲ್ಲಿ ಯಾವ ಅರ್ಥವೂ ಇಲ್ಲ.

ಗ್ಯಾಸ್ ಗೀಸರಿನ ಬಗ್ಗೆ ಹೇಳುವಾಗ ಉಳಿತಾಯಕ್ಕಿಂತ ಮೊದಲು ಬರಬೇಕಾದ ಮಾತೊಂದಿದೆ. ಅದು ಉರಿಯಲು ಕೋಣೆಯ ಗಾಳಿಯನ್ನು ಎಳೆಯುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲುಮನೆಯಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲುತ್ತದೆ. ಗ್ಯಾಸ್ ಗೀಸರ್ ಇರಬೇಕಾದ್ದು ಹೊರಗೆ, ಅಥವಾ ಹೊಗೆಕೊಳವೆ ಹೊರಕ್ಕೆ ಹೋಗುವ ವ್ಯವಸ್ಥೆಯಲ್ಲಿ. ಬೆಚ್ಚಗಿರಲಿ ಎಂದು ಅದರ ಕೋಣೆಯ ಗವಾಕ್ಷಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಸೂರ್ಯನ ಬಿಸಿಯೂ ರಾತ್ರಿ ಸೋರುತ್ತದೆ

ಸೋಲಾರ್ ಹೀಟರಿನ ಇತಿಹಾಸವೇ ಸೋರಿಕೆಯ ಪಾಠ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕಪ್ಪು ಬಳಿದ ಟ್ಯಾಂಕುಗಳನ್ನಿಟ್ಟು ‘ಕ್ಲೈಮ್ಯಾಕ್ಸ್’ ಎಂಬ ಹೀಟರಿಗೆ ಪೇಟೆಂಟ್ ಪಡೆದ. ಮಧ್ಯಾಹ್ನದ ಹೊತ್ತಿಗೆ ನೀರು ಚೆನ್ನಾಗಿ ಕಾಯುತ್ತಿತ್ತು. ಆದರೆ ಬಿಸಿಲು ಹೀರುವುದೂ ನೀರು ಸಂಗ್ರಹಿಸುವುದೂ ಅದೇ ಟ್ಯಾಂಕಾದ್ದರಿಂದ ರಾತ್ರಿ ಆಕಾಶಕ್ಕೆ ಶಾಖವೆಲ್ಲ ಹೋಗಿ ಬೆಳಗಾಗುವಾಗ ತಣ್ಣಗೆ. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಎರಡನ್ನೂ ಬೇರ್ಪಡಿಸಿದ. ಬಿಸಿಲಿನಲ್ಲಿ ತೆಳ್ಳಗಿನ ಪೈಪುಗಳ ಫಲಕ, ಅದರ ಮೇಲೆ ಹೊದಿಕೆ ಹಾಕಿದ ಟ್ಯಾಂಕು. ‘ಡೇ ಅಂಡ್ ನೈಟ್’ ಎಂದು ಹೆಸರಿಟ್ಟ. ಸೂರ್ಯನಿಂದ ಹೆಚ್ಚು ಶಾಖ ಹಿಡಿಯುವ ಉಪಾಯ ಅಲ್ಲ ಅದು, ಹಿಡಿದದ್ದನ್ನು ಬೆಳಗಿನವರೆಗೆ ಉಳಿಸುವ ಉಪಾಯ. ಹಿಂದಿನದನ್ನು ಅದು ಮಾರುಕಟ್ಟೆಯಿಂದಲೇ ಓಡಿಸಿತು. ಈಗಿನ ಗಾಜಿನ ಕೊಳವೆಯ ಹೀಟರುಗಳು ಇನ್ನೂ ಒಂದು ಹೆಜ್ಜೆ ಮುಂದೆ: ಎರಡು ಗಾಜಿನ ಪದರಗಳ ನಡುವಿನ ಗಾಳಿ ತೆಗೆದುಬಿಟ್ಟಿರುತ್ತಾರೆ. 1892ರಲ್ಲಿ ವಿಜ್ಞಾನಿ ಜೇಮ್ಸ್ ಡ್ಯೂವರ್ ನಿರ್ವಾತ ಫ್ಲಾಸ್ಕಿನಲ್ಲಿ, ಅಂದರೆ ಥರ್ಮಾಸ್ ಫ್ಲಾಸ್ಕಿನಲ್ಲಿ, ಮಾಡಿದ್ದೂ ಇದನ್ನೇ.

ಪಂಪಿಲ್ಲದ ಸೋಲಾರ್ ಹೀಟರಿನಲ್ಲಿ ಟ್ಯಾಂಕಿನ ತಳ ಫಲಕದ ಮೇಲ್ತುದಿಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ರಾತ್ರಿ ಹರಿವು ಹಿಂದುಮುಂದಾಗಿ, ಟ್ಯಾಂಕಿನ ಬಿಸಿ ಫಲಕದ ಮೂಲಕ ಆಕಾಶ ಸೇರುತ್ತದೆ. ಮಾಳಿಗೆಯಿಂದ ಕೆಳಗಿನ ನಲ್ಲಿಯವರೆಗಿನ ಪೈಪು ಉದ್ದವಾದಷ್ಟೂ ಹಿಂದೆ ಹೇಳಿದ ಪೈಪಿನ ಲೆಕ್ಕವೆಲ್ಲ ಇಲ್ಲೂ ಅನ್ವಯ. ಸೂರ್ಯ ಪುಕ್ಕಟೆ ಎಂದು ಆ ಪೈಪನ್ನು ಬರಿದೇ ಬಿಡುತ್ತಾರೆ, ಮೋಡ ಕವಿದ ದಿನ ಬ್ಯಾಕಪ್ ಕಾಯಿಲ್ ಅದರ ಬೆಲೆ ತೆರುತ್ತದೆ.

ಕಾಯಿಸುವ ವಿಧಾನದಲ್ಲೇ ದೊಡ್ಡ ಉಳಿತಾಯ ಬೇಕೆಂದರೆ ಹೀಟ್ ಪಂಪ್ ಇದೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ನೀರಿಗೆ ಸಾಗಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ, ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ನೀರು ಹೆಚ್ಚು ಬಿಸಿಯಾಗಬೇಕಾದಷ್ಟೂ ಅದರ ದಕ್ಷತೆ ಇಳಿಯುತ್ತದೆ.

ಕೋಣೆಯ ಬಿಸಿ

ಚಳಿಗೆ ಕೋಣೆ ಕಾಯಿಸುವವರಿಗೂ ನಿಯಮ ಬೇರೆಯಿಲ್ಲ: ಒಳಗಿನ ಹೊರಗಿನ ಅಂತರ, ನಡುವಿನ ಮೈಯ ವಿಸ್ತಾರ, ಅದರ ತಡೆ. ಹತ್ತು ಚದರ ಮೀಟರಿನ ಬರಿಯ ಕಾಂಕ್ರೀಟ್ ಮಾಳಿಗೆ, ಒಳಗೂ ಹೊರಗೂ 15 ಡಿಗ್ರಿ ಅಂತರ ಇದ್ದಾಗ, ಸುಮಾರು 630 ವ್ಯಾಟ್ ಬಿಟ್ಟುಕೊಡುತ್ತದೆ. ಅದರ ಮೇಲೆ ಐದು ಸೆಂಟಿಮೀಟರ್ ಒಳ್ಳೆಯ ಉಷ್ಣನಿರೋಧಕ ಹಾಸಿದರೆ ಅದು ನೂರಕ್ಕೆ ಇಳಿಯುತ್ತದೆ. ಇನ್ನೂ ಐದು ಸೆಂಟಿಮೀಟರ್ ಹಾಸಿದರೆ 55ಕ್ಕೆ. ಮೊದಲ ಪದರ ಉಳಿಸಿದ್ದು 530, ಎರಡನೆಯದು 45. ಒಂದೇ ಕಡೆ ದಪ್ಪಗೆ ಹಾಸುವುದಕ್ಕಿಂತ ಬರಿದಾಗಿರುವ ಎಲ್ಲ ಕಡೆಗೂ ತೆಳ್ಳಗೆ ಹಾಸುವುದೇ ಲಾಭ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಂದುಗಳಿಂದ ನುಗ್ಗುವ ಗಾಳಿಯನ್ನು ಜನ ಕಡೆಗಣಿಸುತ್ತಾರೆ. 40 ಘನ ಮೀಟರಿನ ಕೋಣೆಯ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾದರೆ, ಅದೇ 15 ಡಿಗ್ರಿ ಅಂತರಕ್ಕೆ 200 ವ್ಯಾಟ್ ನಷ್ಟ. ಬಾಗಿಲ ಕೆಳಗಿನ ಸಂದು, ಕಿಟಕಿ ಚೌಕಟ್ಟಿನ ಬಿರುಕು, ಗೋಡೆಯಲ್ಲಿ ವೈರು ಪೈಪು ಹಾದ ತೂತು ಇವುಗಳಿಗೆ ರಬ್ಬರ್ ಪಟ್ಟಿ ಮತ್ತು ಸೀಲೆಂಟ್ ಹಾಕುವುದು ಅಗ್ಗದ ಕೆಲಸ. ಕೋಣೆಯಲ್ಲಿ ಏನಾದರೂ ಉರಿಯುತ್ತಿದ್ದರೆ ಗಾಳಿಯ ದಾರಿ ಮುಚ್ಚಬಾರದೆಂಬ ಎಚ್ಚರಿಕೆ ಇಲ್ಲೂ ಅಷ್ಟೇ ಗಟ್ಟಿ. ಕಿಟಕಿಯ ಒಂಟಿ ಗಾಜಿಗೆ ಜೋಡಿ ಗಾಜು ಹಾಕಿದರೆ ಅದರ ನಷ್ಟ ಅರ್ಧಕ್ಕೆ ಬರುತ್ತದೆ. ಖರ್ಚು ಹೆಚ್ಚು, ಹಾಗಾಗಿ ಮಾಳಿಗೆ ಮತ್ತು ಸಂದುಗಳ ನಂತರದ ಸರದಿ ಅದರದು. ಅಲ್ಲಿಯವರೆಗೆ ನೆಲ ಮುಟ್ಟುವ ದಪ್ಪ ಪರದೆ ಎಳೆದುಕೊಳ್ಳಬಹುದು.

ಈಗಾಗಲೇ ಕಟ್ಟಿದ ಮನೆಯಲ್ಲಿ ಮೊದಲು ಮಾಡಬೇಕಾದ್ದು ನನ್ನ ಪ್ರಕಾರ ಹೀಗೆ: ಮಿಕ್ಸರಿನ ಹಿಡಿ, ಟೈಮರ್, ಷವರ್, ಕೈಗೆ ಸಿಗುವ ಪೈಪುಗಳಿಗೆ ಹೊದಿಕೆ. ಗೋಡೆಯೊಳಗೆ ಹೂತ ಪೈಪಿಗೆ ಈಗ ಏನೂ ಮಾಡಲಾಗದು. ಅದಕ್ಕೆ ಹೊದಿಕೆ ತೊಡಿಸಲು ಸಿಗುವ ಅವಕಾಶ ಎರಡೇ: ಮನೆ ಕಟ್ಟುವಾಗ, ಅಥವಾ ಬಚ್ಚಲುಮನೆಯ ಟೈಲ್ಸ್ ಕಿತ್ತು ಹೊಸದು ಹಾಕಿಸುವಾಗ. ಗಾರೆಯವರು ಬರುವ ಮುಂಚೆಯೇ ಪ್ಲಂಬರಿಗೆ ಹೇಳಿ ಕೊಳವೆ ತೊಡಿಸಿಬಿಡಬೇಕು, ಗೋಡೆಯಲ್ಲಿ ಪೈಪು ಕೂರುವ ಸಾಲನ್ನು ಅದಕ್ಕೆ ತಕ್ಕಷ್ಟು ಅಗಲ ಕೊರೆಸಬೇಕು. ಇನ್ನೂ ನಕ್ಷೆಯಲ್ಲೇ ಇರುವ ಮನೆಯಾದರೆ ಅಡುಗೆಮನೆಯ ಸಿಂಕನ್ನೂ ಬಚ್ಚಲುಮನೆಯನ್ನೂ ಒಂದೇ ಗೋಡೆಯ ಎರಡು ಬದಿಗೆ ತನ್ನಿ, ಗೀಸರನ್ನು ಆ ಗೋಡೆಗೇ ಹಾಕಿಸಿ. ಹತ್ತು ಮೀಟರಿನ ಪೈಪು ಎರಡು ಮೀಟರಿಗೆ ಇಳಿಯುತ್ತದೆ, ಪ್ರತಿ ಸಲ ಆರುತ್ತಿದ್ದ ಮೂರು ಲೀಟರ್ ಅರ್ಧ ಲೀಟರಿನ ಆಸುಪಾಸಿಗೆ ಬರುತ್ತದೆ.